ಎಡನೀರಿನ ಮಳೆಯೂ ಕಿಸೆಯ ಕೆಮರಾವೂ

ಹೆಸರಿನಲ್ಲಿಯೇ ನೀರನ್ನು ಹೊತ್ತುಕೊಂಡಿರುವ ಊರು ಎಡನೀರು. ಕಾಸರಗೋಡಿನಿಂದ ಹೆದ್ದಾರಿಯಲ್ಲಿ ಚೆರ್ಕಳಕ್ಕೆ ಬಂದು, ಅಲ್ಲಿಂದ ಬದಿಯಡ್ಕದ ಕಡೆಗೆ ಹೊರಳಿದರೆ ಕೆಲವೇ ನಿಮಿಷಗಳಲ್ಲಿ ಊರು ಎದುರಾಗುತ್ತದೆ. ವಿಟ್ಲದ ಕಡೆಯಿಂದ ಬರುವ ಬಂಧುಗಳು ಅಡ್ಕಸ್ಥಳದಲ್ಲಿ ಗಡಿಯನ್ನು ದಾಟಿ, ಪೆರ್ಲ, ಬದಿಯಡ್ಕ, ನೆಲ್ಲಿಕಟ್ಟೆಗಳನ್ನು ಹಿಂದೆ ಬಿಟ್ಟು ಇಲ್ಲಿಗೆ ತಲಪುತ್ತಾರೆ. ಯಾವ ದಾರಿಯಿಂದ ಬಂದರೂ ಕಣ್ಣಿಗೆ ಬೀಳುವ ನೋಟ ಒಂದೇ: ಮುರಕಲ್ಲಿನ ಗುಡ್ಡ, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ತೋಟದ ಅಂಚಿನಲ್ಲಿ ತೋಡು. ಈ ತೋಡುಗಳ ನೀರನ್ನು ಕೂಡಿಸಿಕೊಂಡು ಸಾಗುವ ಮಧುವಾಹಿನಿಯೇ ಮುಂದೆ ಮಧೂರಿನ ದೇವಾಲಯದ ಬದಿಯಲ್ಲಿ ಹರಿಯುವ ಹೊಳೆ.

ಎಡನೀರು ಎಂದೊಡನೆ ನೆನಪಾಗುವುದು ಮಠ. ಶಂಕರಾಚಾರ್ಯರ ಶಿಷ್ಯರಾದ ತೋಟಕಾಚಾರ್ಯರ ಪರಂಪರೆಗೆ ಸೇರಿದ ಈ ಪೀಠದ ಹೆಸರು ದೇಶದ ನ್ಯಾಯಶಾಸ್ತ್ರದ ಪುಟಗಳಲ್ಲಿ ಅಚ್ಚಳಿಯದೆ ನಿಂತಿದೆ. ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1973ರ ಎಪ್ರಿಲ್ 24ರಂದು ಹದಿಮೂರು ಮಂದಿ ನ್ಯಾಯಾಧೀಶರ ಪೀಠವು, ಏಳು ಮಂದಿಯ ಬಹುಮತದಿಂದ, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಬದಲಿಸಲಾರದು ಎಂದು ಸಾರಿತು. ಯಕ್ಷಗಾನವನ್ನೂ ಸಂಗೀತವನ್ನೂ ಪೋಷಿಸಿದ, ಸ್ವತಃ ಹಾಡುತ್ತಿದ್ದ ಆ ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾದರು. ಹೀಗೆ ಎಡನೀರಿನ ಹೆಸರನ್ನು ಕಾನೂನು ಓದಿದವರೆಲ್ಲರೂ ಬಲ್ಲರು. ಆದರೆ ಈ ಊರಿನ ನಿಜವಾದ ಮುಖವನ್ನು, ಎಂದರೆ ಅದರ ಮಳೆಗಾಲದ ಮುಖವನ್ನು, ಚಿತ್ರದಲ್ಲಿ ಕಂಡವರು ಎಷ್ಟು ಮಂದಿ?

ಓದುಗರು ತಮ್ಮ ಮನೆಯ ಹಳೆಯ ಆಲ್ಬಮ್ಮನ್ನು ಒಮ್ಮೆ ತೆರೆದು ನೋಡಬೇಕು. ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಎಲ್ಲವೂ ಬಿಸಿಲಿನಲ್ಲಿ ನಡೆದಿವೆ. ಅಂಗಳ ಒಣಗಿದೆ, ಅಡಿಕೆ ಹರಡಿದೆ, ಆಕಾಶ ಬೆಳ್ಳಗಿದೆ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ನಮ್ಮದು. ಆದರೂ ನಮ್ಮ ಆಲ್ಬಮ್ಮುಗಳಲ್ಲಿ ಮಳೆ ಸುರಿಯುವುದಿಲ್ಲ. ಗೊರಬು ಹೊದ್ದು ನೇಜಿ ನೆಡುತ್ತಿದ್ದ ಹೆಂಗಸರು, ಅಡಿಕೆಮರದ ಸಂಕ ದಾಟಿ ಶಾಲೆಗೆ ಬರುತ್ತಿದ್ದ ಮಕ್ಕಳು, ಉಕ್ಕಿ ತೋಟಕ್ಕೆ ನುಗ್ಗಿದ ತೋಡು, ಇವು ಯಾವುವೂ ಅಲ್ಲಿಲ್ಲ. ದೂರದ ಊರಿನಲ್ಲಿ ಹುಟ್ಟಿ ಬೆಳೆದ ಮೊಮ್ಮಗುವೊಂದು ಆ ಪುಟಗಳನ್ನು ತಿರುವಿದರೆ, ಅಜ್ಜನ ಊರು ಬೇಸಗೆಯ ಊರೆಂದೇ ತಿಳಿದೀತು.

ಇದಕ್ಕೆ ಕಾರಣವುಂಟು. ಆ ಕಾಲದಲ್ಲಿ ಮಧ್ಯಮವರ್ಗದ ಕೈಗೆ ಎಟಕುತ್ತಿದ್ದುದು ಬರೋಡದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3ರಂತಹ ಸರಳ ಪೆಟ್ಟಿಗೆ. ಒಂದು ಸುರುಳಿಗೆ ಹನ್ನೆರಡು ಚಿತ್ರ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಮಳೆಗೆ ಗುರುತೇ ಇರಲಿಲ್ಲ. ನೀರಿಗೆ ಅಂಜದ ಕೆಮರಾಗಳು ಲೋಕದಲ್ಲಿ ಇಲ್ಲದಿರಲಿಲ್ಲ. ಸಮುದ್ರಶೋಧಕ ಕುಸ್ತೋ ಅವರ ಬಳಗದಲ್ಲಿ ರೂಪುಗೊಂಡ ಕ್ಯಾಲಿಪ್ಸೋ ಎಂಬ ಕೆಮರಾವನ್ನು ಆಧರಿಸಿ ಜಪಾನಿನ ನಿಕಾನ್ ಸಂಸ್ಥೆಯು 1963ರಲ್ಲಿಯೇ ನಿಕಾನೋಸನ್ನು ಹೊರತಂದಿತ್ತು. ಆದರೆ ಅದು ಕಡಲಾಳದಲ್ಲಿ ಮುಳುಗುವವರ ಸಾಧನ. ನಮ್ಮ ಹಳ್ಳಿಗಳಿಗೆ ಅದರ ಸುದ್ದಿಯೂ ಬಂದಿರಲಿಲ್ಲ.

ಕಳೆದ ಆಟಿ ತಿಂಗಳಿನಲ್ಲಿ ನಾವು ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಎಡನೀರಿನ ಸುತ್ತಣ ತೋಡು, ಗುಡ್ಡಗಳನ್ನು ನೋಡಲು ಹೊರಟೆವು. ಮೊದಲು ಮಠಕ್ಕೆ ಹೋಗಿ ದರ್ಶನ ಮುಗಿಸಿ, ಮಾಡಿನ ಹಂಚಿನಿಂದ ನೂಲಿನಂತೆ ಇಳಿಯುತ್ತಿದ್ದ ನೀರನ್ನು ನೋಡುತ್ತ ನಿಂತೆವು. ಬಳಿಕ ಕೊಡೆ ಹಿಡಿದು ತೋಟದ ದಾರಿಯಲ್ಲಿ ನಡೆದೆವು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದ್ದುದರಿಂದ ಮಕ್ಕಳನ್ನು ದಡದಿಂದ ದೂರವೇ ನಿಲ್ಲಿಸಿದ್ದೆವು. ಗುಡ್ಡದ ಮೇಲಿನ ಪದವಿನಲ್ಲಿ, ಕಪ್ಪು ಮುರಕಲ್ಲಿನ ತಗ್ಗುಗಳಲ್ಲಿ ನಿಂತ ತೆಳು ನೀರಿನ ನಡುವೆ, ಬೆರಳ ತುದಿಗಿಂತಲೂ ಚಿಕ್ಕದಾದ ನೀಲಿ ಹೂಗಳು ಅರಳತೊಡಗಿದ್ದವು. ಸಸ್ಯಶಾಸ್ತ್ರಜ್ಞರು ಯುಟ್ರಿಕ್ಯುಲೇರಿಯ ಎಂದು ಕರೆಯುವ ಈ ಗಿಡ, ಬುಡದಲ್ಲಿರುವ ಸಣ್ಣ ಚೀಲಗಳಿಂದ ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಮಳೆ ನಿಂತು ಪದವು ಒಣಗಿದರೆ ಅದರ ಗುರುತೂ ಉಳಿಯುವುದಿಲ್ಲ.

ದಾರಿಯಲ್ಲಿ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು, ಮಕ್ಕಳ ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಕಂಡು, "ಈ ಮಳೆಗೆ ಪಟ ತೆಗೆದರೆ ಬರ್ತದಾ ಮಾಷ್ಟ್ರೇ?" ಎಂದು ಕೇಳಿದರು. "ಬರ್ತದೆ ಅಮ್ಮ" ಎಂದೆವು. "ಹಾಗಾದರೆ ನಮ್ಮ ಸುರಂಗದ್ದು ಒಂದು ತೆಗೆಯಿರಿ, ಮಗ ಬೊಂಬಾಯಿಯಲ್ಲಿದ್ದಾನೆ, ಅದರಲ್ಲಿ ಈಗಲೂ ನೀರುಂಟೆಂದು ಅವನಿಗೆ ನಂಬಿಕೆಯೇ ಇಲ್ಲ" ಎಂದರು. ಆ ಮಾತಿನಲ್ಲಿ ನಮ್ಮ ಈ ಲೇಖನದ ಉದ್ದೇಶವೆಲ್ಲ ಅಡಗಿದೆ.

ಮಕ್ಕಳ ಕೈಯಲ್ಲಿದ್ದುದು ಶಾಲೆಗಾಗಿ ಕೊಂಡ ಕೆಮರಾ. ಅದನ್ನು ಆಯುವ ಮುನ್ನ ನಾವು ಕೆಲವು ತಿಂಗಳು ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುವುದರಿಂದ ಓದುಗರಿಗೆ ಉಪಯೋಗವಾದೀತು. ಎಲ್ಲರಲ್ಲಿಯೂ ಮೊಬೈಲು ಇರುವಾಗ ಬೇರೊಂದು ಯಂತ್ರವೇಕೆ ಎಂಬ ಪ್ರಶ್ನೆ ಸಹಜ. ಒಳ್ಳೆಯ ಮೊಬೈಲು ಒಳ್ಳೆಯ ಚಿತ್ರವನ್ನೇ ಕೊಡುತ್ತದೆ, ಸಂಶಯವಿಲ್ಲ. ಆದರೆ ಮಳೆಹನಿ ಬಿದ್ದ ಗಾಜಿನ ಮೇಲೆ ಒದ್ದೆ ಬೆರಳು ಹೇಳಿದ ಮಾತನ್ನು ಅದು ಕೇಳುವುದಿಲ್ಲ; ಒತ್ತುವ ಗುಂಡಿಯಿರುವ ಕೆಮರಾ ಕೇಳುತ್ತದೆ. ನೀರು ಹೊಕ್ಕು ಮೊಬೈಲು ಕೆಟ್ಟರೆ ಸಾಮಾನ್ಯವಾಗಿ ಖಾತರಿ ಪತ್ರವೂ ನೆರವಿಗೆ ಬಾರದು. ಮನೆಯ ವ್ಯವಹಾರವೆಲ್ಲ ಅಡಗಿರುವ ಯಂತ್ರವನ್ನು ಹನ್ನೆರಡರ ಹುಡುಗನ ಕೈಗಿತ್ತು ತೋಡಿನ ಬದಿಗೆ ಕಳುಹಿಸುವ ಧೈರ್ಯ ಯಾವ ತಂದೆಗುಂಟು?

ಮೊದಲನೆಯದಾಗಿ ನೀರಿನ ವಿಚಾರ. ಪೆಟ್ಟಿಗೆಯ ಮೇಲೆ ಐಪಿ 68 ಮುಂತಾದ ಗುರುತು ಇರುತ್ತದೆ. ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಆರು ಎಂದರೆ ಧೂಳು ಒಳಹೊಗದು; ಏಳು ಎಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಬಾಧಕವಿಲ್ಲ; ಎಂಟು ಎಂದರೆ ಅದಕ್ಕಿಂತ ಹೆಚ್ಚು, ಎಷ್ಟೆಂಬುದನ್ನು ತಯಾರಕರೇ ಹೇಳಬೇಕು. ಗಟ್ಟಿ ಕೆಮರಾಗಳು ಹದಿನಾಲ್ಕು, ಹದಿನೈದು, ಕೆಲವು ಮೂವತ್ತು ಮೀಟರಿನ ಆಳವನ್ನು ಹೇಳಿಕೊಳ್ಳುತ್ತವೆ. ನಮಗೆ ಅಷ್ಟು ಆಳ ಬೇಡ. ನಾವು ಕಡಲಿಗೆ ಧುಮುಕುವವರಲ್ಲ, ಮಳೆಯಲ್ಲಿ ನಡೆಯುವವರು. ಆದುದರಿಂದ ಆಳಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಎರಡನೆಯದು ಬೀಳುವ ವಿಚಾರ. ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲ ಮೇಲೆ ಕೈಯಿಂದ ಜಾರಿದ ವಸ್ತುವಿನ ಗತಿಯನ್ನು ಹೇಳಬೇಕಾಗಿಲ್ಲ. ಮನುಷ್ಯನ ಎದೆಯ ಎತ್ತರ, ಎಂದರೆ ಒಂದೂವರೆ ಮೀಟರಿನಿಂದ ಬಿದ್ದರೂ ತಾಳುವ ಕೆಮರಾ ನಮಗೆ ಸಾಕು.

ಮೂರನೆಯದೇ ಮುಖ್ಯ, ಅದು ಬೆಳಕು. ಆಟಿಯ ನಡುಹಗಲಿನಲ್ಲಿಯೂ ಅಡಿಕೆ ತೋಟದೊಳಗೆ ಸಂಜೆಯ ಕತ್ತಲಿರುತ್ತದೆ. ಮಸೂರದ ತೆರವನ್ನು ಎಫ್ ಎಂಬ ಅಕ್ಷರದೊಡನೆ ಅಂಕೆಯಲ್ಲಿ ಬರೆದಿರುತ್ತಾರೆ. ಅಂಕೆ ಚಿಕ್ಕದಾದಷ್ಟೂ ತೆರವು ದೊಡ್ಡದು. ಎಫ್ 2 ಇರುವ ಮಸೂರ, ಎಫ್ 3.5 ಇರುವುದಕ್ಕಿಂತ ಸುಮಾರು ಮೂರು ಪಾಲು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಬೆಳಕು ಸಾಲದಿದ್ದಲ್ಲಿ ಚಿತ್ರ ಅಲುಗುತ್ತದೆ ಇಲ್ಲವೆ ಮರಳು ಚೆಲ್ಲಿದಂತೆ ಕಾಣುತ್ತದೆ. ಇಂತಹ ಕೆಮರಾಗಳ ಒಳಗಣ್ಣು ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದಾದುದರಿಂದ, ರಾತ್ರಿಯ ಯಕ್ಷಗಾನವನ್ನು ಇವು ಚೆನ್ನಾಗಿ ಹಿಡಿಯಲಾರವು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಅಂಗಡಿಯವರು ದೊಡ್ಡ ದನಿಯಲ್ಲಿ ಹೇಳುವ ಮೆಗಾಪಿಕ್ಸೆಲಿನ ಲೆಕ್ಕಕ್ಕೆ ಮರುಳಾಗಬೇಕಾಗಿಲ್ಲ. ಹನ್ನೆರಡು ಮೆಗಾಪಿಕ್ಸೆಲಿನ ಚಿತ್ರವನ್ನು ಹದಿಮೂರು ಅಂಗುಲ ಉದ್ದಕ್ಕೆ ಸ್ಪಷ್ಟವಾಗಿ ಮುದ್ರಿಸಬಹುದು. ನಮ್ಮ ಈ ಮಾಸಪತ್ರಿಕೆಯ ಪುಟಕ್ಕೆ ಅಷ್ಟು ಧಾರಾಳವಾಯಿತು. ಅದಕ್ಕಿಂತ, ಪದವಿನ ಆ ನೀಲಿ ಹೂವನ್ನು ಒಂದು ಸೆಂಟಿಮೀಟರು ಹತ್ತಿರದಿಂದ ಹಿಡಿಯಬಲ್ಲುದೇ ಎಂದು ಕೇಳುವುದು ಮೇಲು.

ಈ ಅಳತೆಗೋಲುಗಳಿಂದ ನೋಡಿದಾಗ, 2023ರಲ್ಲಿ ಬಂದ ಟಿಜಿ-7 ಎಲ್ಲದರಲ್ಲಿಯೂ ಮುಂದು: ಎಫ್ 2ರ ಮಸೂರ, ಹನ್ನೆರಡು ಮೆಗಾಪಿಕ್ಸೆಲು, ಹದಿನೈದು ಮೀಟರು ನೀರು, ಎರಡು ಮೀಟರಿಗೂ ಮಿಕ್ಕ ಬೀಳು. ಆದರೆ 2023ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 550 ಡಾಲರು ಇತ್ತು, ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿಗಿಂತ ಮೇಲೆ. ಅದರ ಹಿಂದಿನದಾದ, 2019ರ ಟಿಜಿ-6ರ ಮಸೂರವೂ ಅಂಥದೇ. ಒಬ್ಬರು ಬಳಸಿದ್ದು ಸಿಕ್ಕಿದರೆ ಲಾಭ. ರಿಕೋ ಡಬ್ಲ್ಯುಜಿ-80 ಹದಿನಾಲ್ಕು ಮೀಟರು ನೀರನ್ನೂ 1.6 ಮೀಟರು ಬೀಳುವಿಕೆಯನ್ನೂ ತಾಳುತ್ತದೆ, ಮಸೂರದ ಸುತ್ತ ಆರು ದೀಪಗಳಿವೆ, ಹೂವಿಗೆ ಅದು ಅನುಕೂಲ. ಆದರೆ ತೆರವು ಎಫ್ 3.5. ಕೊಡಕ್ ಪಿಕ್ಸ್‌ಪ್ರೋ ಡಬ್ಲ್ಯುಪಿಝಡ್-2 ಇವುಗಳಿಗಿಂತ ಅಗ್ಗ, ಹದಿನೈದು ಮೀಟರು ನೀರಿಗೆ ಅಂಜದು. ಬಯಲಿನ ಬೆಳಕಿಗೆ ಸಾಕು, ತೋಟದ ಕತ್ತಲಿಗೆ ಸಾಲದು. ಹಣವಿದ್ದಷ್ಟಕ್ಕೆ ಬೆಳಕನ್ನು ಕೊಳ್ಳಬೇಕು, ಇದೇ ನಾವು ಕಂಡುಕೊಂಡ ಸೂತ್ರ. ಶಾಲೆಗೆ ನಾವು ಆರಿಸಿದ್ದು ಬಳಸಿದ ಟಿಜಿ-6.

ಬಳಸಿದ್ದನ್ನು ಕೊಳ್ಳುವವರು ಬ್ಯಾಟರಿಯ ಬಾಗಿಲಿನ ಸುತ್ತಣ ರಬ್ಬರಿನ ಪಟ್ಟಿಯನ್ನು ಪರೀಕ್ಷಿಸಲೇಬೇಕು. ಕೆಮರಾದ ಜೀವವೆಲ್ಲ ಅದರಲ್ಲಿದೆ. ಒಂದು ತಲೆಗೂದಲು, ಒಂದು ಮರಳ ಕಣ ಅಲ್ಲಿ ಕುಳಿತರೆ ನೀರಿಗೆ ದಾರಿಯಾಯಿತು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವವರು ಒಂದು ಬದಿಯನ್ನು ಸಡಿಲ ಬಿಟ್ಟರೆ ಕೊಳೆರೋಗಕ್ಕೆ ಅಷ್ಟೇ ಸಾಕಲ್ಲವೇ? ಆ ಪಟ್ಟಿಯನ್ನು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದೆಂದು ತಯಾರಕರು ಹೇಳುತ್ತಾರೆ. ಮಳೆಯಲ್ಲಿ ಬಾಗಿಲನ್ನು ತೆರೆಯಬಾರದು. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಅದ್ದಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಆರಿಸಬೇಕು. ಒಲೆಯ ಮೇಲಿನ ಅಟ್ಟ ಕೊಬ್ಬರಿಗೆ ಹಿತ, ಕೆಮರಾಕ್ಕಲ್ಲ. ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಮಸೂರಕ್ಕೆ ಬೂಸರು ಹಿಡಿಯದು.

ಇನ್ನು ಆ ಅಮ್ಮನ ಸುರಂಗದ ಮಾತು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಬ್ಬನೇ ಬಗ್ಗಿ ಸಾಗುವಷ್ಟು ಇಕ್ಕಟ್ಟಾದ ದಾರಿಯಲ್ಲಿ ನೀರನ್ನು ಹೊರಗಿಳಿಸುವ ಈ ವಿದ್ಯೆ ನಮ್ಮ ಕಾಸರಗೋಡಿನ ನೆಲದ ಹೆಮ್ಮೆ. ಒಳಗೆ ಉಸಿರಾಡುವ ಗಾಳಿ ಉಂಟೋ ಇಲ್ಲವೋ ಎಂದು ತಿಳಿಯಲು ಕೊರೆಯುವವರು ಉರಿವ ಮೊಂಬತ್ತಿಯನ್ನು ಇಟ್ಟುಕೊಳ್ಳುತ್ತಿದ್ದರು. ಕೊಳವೆ ಬಾವಿಗಳು ಬಂದ ಮೇಲೆ ಎಷ್ಟೋ ಸುರಂಗಗಳ ಬಾಯಿಗೆ ಮಣ್ಣು ಬಿದ್ದಿದೆ. ಹಳೆಯ ಸುರಂಗದೊಳಗೆ ಮಕ್ಕಳನ್ನು ಕಳುಹಿಸುವಂತಿಲ್ಲ. ಹೊರಗೆ ನಿಂತು ಬಾಯಿಯ ಚಿತ್ರವನ್ನು, ಸುರಿಯುವ ನೀರನ್ನು, ಪಕ್ಕದಲ್ಲಿ ನಿಂತ ಮನೆಯವರನ್ನು ತೆಗೆದೆವು. ಚಿತ್ರ ಬೊಂಬಾಯಿಗೆ ಹೋಯಿತು.

ತೆಗೆದ ಚಿತ್ರಕ್ಕೆ ಹೆಸರು ಬರೆಯುವುದನ್ನು ಮಾತ್ರ ಯಾರೂ ಮರೆಯಬಾರದು. ಇಂದಿನ ಕೆಮರಾ ತಾನಾಗಿಯೇ ದಿನಾಂಕವನ್ನು, ಟಿಜಿ-6ರಂತಹುದಾದರೆ ಅಕ್ಷಾಂಶ ರೇಖಾಂಶಗಳನ್ನು ಕೂಡ ಬರೆದಿಡುತ್ತದೆ. ಆದರೆ ಆ ತೋಡನ್ನು, ಆ ಪದವನ್ನು, ಆ ಗದ್ದೆಯನ್ನು ನಮ್ಮ ಹಿರಿಯರು ಯಾವ ಹೆಸರಿನಿಂದ ಕರೆಯುತ್ತಿದ್ದರೆಂಬುದು ಯಂತ್ರಕ್ಕೆ ತಿಳಿಯದು. 1956ರಲ್ಲಿ ಗಡಿರೇಖೆ ಸರಿದ ಮೇಲೆ ನಮ್ಮ ಊರುಗಳ ಹೆಸರುಗಳು ಬೇರೆ ಲಿಪಿಯಲ್ಲಿ, ಬೇರೆ ಉಚ್ಚಾರದಲ್ಲಿ ಬರೆಯಲ್ಪಡುತ್ತಿವೆ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ನಮ್ಮ ಹೆಸರನ್ನು ನಾವು ಬರೆದಿಡಬೇಕು, ಅಷ್ಟೇ. ನಮ್ಮ ಮಕ್ಕಳು ಪ್ರತಿ ಚಿತ್ರದ ಹಿಂಬದಿಯಲ್ಲಿ ಕನ್ನಡದಲ್ಲಿ ಸ್ಥಳದ ಹೆಸರು, ದಿನ, ಹೇಳಿದವರ ಹೆಸರು, ಈ ಮೂರನ್ನು ಬರೆಯುತ್ತಾರೆ.

ಗಡಿಯ ಈಚೆಗೂ ಆಚೆಗೂ ಇರುವ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಊರಿಗೆ ಬರುವುದಾದರೆ ಮೇ ತಿಂಗಳ ಮದುವೆಗಳಿಗೆ ಮಾತ್ರ ಬಾರದೆ, ಒಮ್ಮೆ ಜುಲೈಯಲ್ಲಿಯೂ ಬನ್ನಿ. ಕಿಸೆಯಲ್ಲೊಂದು ಗಟ್ಟಿ ಕೆಮರಾ ಇರಲಿ. ಹಿರಿಯರು ಇರುವಾಗಲೇ ಅವರನ್ನು ತೋಡಿನ ಬದಿಗೆ ಕರೆದು ನಿಲ್ಲಿಸಿ, ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಮಳೆ ಮುಂದಿನ ವರ್ಷವೂ ಬಂದೀತು. ಹೆಸರು ಹೇಳುವವರು ಇರುತ್ತಾರೆಂಬ ಭರವಸೆ ಇಲ್ಲ.