ಕಿವಿಗೊಡುವ ಕಾಯಕ

ಮಾತನಾಡುವುದನ್ನು ಕಲಿಸಲು ಶಾಲೆಗಳಿವೆ, ಭಾಷಣ ಸ್ಪರ್ಧೆಗಳಿವೆ, ಬಹುಮಾನಗಳಿವೆ. ಕೇಳುವುದನ್ನು ಕಲಿಸುವ ಪಾಠಕ್ಕೆ ಮಾತ್ರ ಅಷ್ಟು ಮನ್ನಣೆ ಕಾಣಸಿಗದು. ಆದರೂ ವಿದ್ಯೆಯ ಮೂಲ ಶ್ರವಣವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಪಂಡಿತನನ್ನು ಅವರು ‘ಬಹುಶ್ರುತ’, ಅಂದರೆ ಬಹಳ ಕೇಳಿದವನು, ಎಂದು ಕರೆದರು. ಈ ಬಗೆಗೆ ನನ್ನನ್ನು ವಿಚಾರಕ್ಕೆ ಹಚ್ಚಿದ ಕೃತಿಯ ಹೆಸರು ಹೇಳಿದರೆ ವಾಚಕರಿಗೆ ಅಚ್ಚರಿಯೆನಿಸಬಹುದು. ಅದು ಇಂಗ್ಲೆಂಡಿನ ನಾಲ್ವರು ತರುಣರು ಹಾಡಿ ನುಡಿಸಿದ ರಾಕ್ ಸಂಗೀತದ ಒಂದು ಧ್ವನಿಮುದ್ರಿಕೆ. ತಂಡದ ಹೆಸರು ‘ಜಾಯ್ ಡಿವಿಷನ್’. ಕೃತಿಯ ಹೆಸರು ‘ಅನ್‌ನೋನ್ ಪ್ಲೆಷರ್ಸ್’. ‘ಅರಿಯದ ಸುಖಗಳು’ ಎಂದು ಅದನ್ನು ಕನ್ನಡಿಸಬಹುದು.

ಹತ್ತಿಯ ಗಿರಣಿಗಳಿಂದ ಲೋಕಪ್ರಸಿದ್ಧವಾಗಿದ್ದ ಮ್ಯಾಂಚೆಸ್ಟರ್ ನಗರವು 1970ರ ದಶಕದ ಹೊತ್ತಿಗೆ ತನ್ನ ಹಿಂದಿನ ವೈಭವವನ್ನು ಕಳೆದುಕೊಂಡಿತ್ತು. ನೆರೆಯ ಸಾಲ್‌ಫೋರ್ಡಿನ ಸಹಪಾಠಿಗಳಾದ ಬರ್ನಾರ್ಡ್ ಸಮ್ನರ್ ಹಾಗೂ ಪೀಟರ್ ಹುಕ್ 1976ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ‘ಸೆಕ್ಸ್ ಪಿಸ್ತಲ್ಸ್’ ತಂಡದ ಕಚೇರಿಯನ್ನು ಕೇಳಿ, ತಾವೂ ನುಡಿಸಬಲ್ಲೆವೆಂಬ ಧೈರ್ಯ ತಳೆದರು. ಮ್ಯಾಕಲ್ಸ್‌ಫೀಲ್ಡ್ ಪಟ್ಟಣದ ಗಾಯಕ ಇಯಾನ್ ಕರ್ಟಿಸ್ ಮತ್ತು ಡ್ರಮ್ ವಾದಕ ಸ್ಟೀಫನ್ ಮಾರಿಸ್ ಅವರನ್ನು ಕೂಡಿಕೊಂಡರು. ಲಂಡನ್ನಿನ ದೊಡ್ಡ ಕಂಪನಿಗಳನ್ನು ಆಶ್ರಯಿಸದೆ, ದೂರದರ್ಶನದ ನಿರೂಪಕರಾಗಿದ್ದ ಟೋನಿ ವಿಲ್ಸನ್ ಮತ್ತು ಮಿತ್ರರು 1978ರಲ್ಲಿ ಆರಂಭಿಸಿದ್ದ ‘ಫ್ಯಾಕ್ಟರಿ’ ಎಂಬ ಸ್ಥಳೀಯ ಸಂಸ್ಥೆಯೊಡನೆ ಅವರು ದುಡಿದರು. ಲಾಭವನ್ನು ಸಂಸ್ಥೆಯೂ ಕಲಾವಿದರೂ ಸಮನಾಗಿ ಹಂಚಿಕೊಳ್ಳುವುದು, ಸಂಗೀತದ ಒಡೆತನ ಕಲಾವಿದರಲ್ಲಿಯೇ ಉಳಿಯುವುದು, ಇದು ಅಲ್ಲಿಯ ಕರಾರು. ಧ್ವನಿಮುದ್ರಿಕೆಯನ್ನು ಹೊರತರಲು ವಿಲ್ಸನ್ ತಮ್ಮ ಉಳಿತಾಯದ ಹಣವನ್ನೇ ತೊಡಗಿಸಿದರು. ದೊಡ್ಡ ಕಂಪನಿಗಳಿಂದ ಸ್ವತಂತ್ರವಾಗಿ ನಿಂತ ಇಂಥ ಸಂಗೀತಕ್ಕೇ ‘ಇಂಡಿ’ ಎಂಬ ಹೆಸರು ರೂಢಿಗೆ ಬಂದಿತು.

1979ರ ಏಪ್ರಿಲ್ ತಿಂಗಳಲ್ಲಿ ಸ್ಟಾಕ್‌ಪೋರ್ಟಿನ ‘ಸ್ಟ್ರಾಬೆರಿ’ ಸ್ಟುಡಿಯೋದಲ್ಲಿ ಹತ್ತು ಹಾಡುಗಳ ಮುದ್ರಣ ನಡೆಯಿತು. ಅದರ ಹೊಣೆ ಹೊತ್ತವರು ಮಾರ್ಟಿನ್ ಹ್ಯಾನೆಟ್. ವೇದಿಕೆಯಲ್ಲಿ ಈ ತಂಡದ ವಾದನ ಕಿವಿಗಡಚಿಕ್ಕುವಷ್ಟು ಅಬ್ಬರದ್ದು. ಹ್ಯಾನೆಟ್ ಕೇಳಿಸಿಕೊಂಡುದೇ ಬೇರೆ. ಪ್ರತಿಯೊಂದು ಡ್ರಮ್ಮಿನ ನಾದವನ್ನೂ ಇನ್ನೊಂದು ಸೋಂಕದಂತೆ ಬಿಡಿಬಿಡಿಯಾಗಿ ಮುದ್ರಿಸಿಕೊಳ್ಳಲು ಅವರು ಹಟ ಹಿಡಿದರು; ಕಟ್ಟಡದ ಲಿಫ್ಟಿನ ಸದ್ದನ್ನೂ ಗಾಜು ಒಡೆಯುವ ಸದ್ದನ್ನೂ ಹಾಡುಗಳಲ್ಲಿ ಸೇರಿಸಿದರು; ನಾದ ನಾದಗಳ ನಡುವೆ ವಿಶಾಲವಾದ ಬಯಲನ್ನು ಬಿಟ್ಟರು. ತಮ್ಮ ಆವೇಶವೆಲ್ಲ ತಣ್ಣಗಾಯಿತೆಂದು ಸಮ್ನರ್ ಮತ್ತು ಹುಕ್ ಆಗ ಅಸಮಾಧಾನಗೊಂಡರು. ವರ್ಷಗಳು ಕಳೆದ ಮೇಲೆ ಹ್ಯಾನೆಟ್ ಮಾಡಿದ ಕೆಲಸದ ಹಿರಿಮೆಯನ್ನು ಹುಕ್ ಮುಕ್ತಕಂಠದಿಂದ ಒಪ್ಪಿಕೊಂಡರು. ಶಿಷ್ಯನ ಕೃತಿಯಲ್ಲಿ ಶಿಷ್ಯನಿಗೇ ಕಾಣದ ಗುಣವನ್ನು ಗುರುತಿಸುವ ಗುರುವಿಗೆ ಆ ಕ್ಷಣದಲ್ಲಿ ಕೃತಜ್ಞತೆ ದೊರೆಯುವುದು ಅಪೂರ್ವವೆಂಬುದನ್ನು ಅಧ್ಯಾಪಕರಿಗೆ ನಾನು ಹೇಳಬೇಕಾಗಿಲ್ಲ.

1979ರ ಜೂನ್ 15ರಂದು ಹೊರಬಂದ ಈ ಮುದ್ರಿಕೆಯ ಮೊದಲ ಮುದ್ರಣ 10,000 ಪ್ರತಿಗಳು. ಹೊದಿಕೆಯ ಮುಂಭಾಗದಲ್ಲಿ ತಂಡದ ಹೆಸರಿಲ್ಲ, ಕೃತಿಯ ಹೆಸರಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಪರ್ವತಶ್ರೇಣಿಯಂತೆ ತೋರುವ ಬಿಳಿಯ ಗೆರೆಗಳು ಮಾತ್ರ. ತಂಡದವರು ಒಂದು ಖಗೋಳ ವಿಶ್ವಕೋಶದಿಂದ ಆಯ್ದ ಆ ಚಿತ್ರವನ್ನು ಪೀಟರ್ ಸ್ಯಾವಿಲ್ ಹೊದಿಕೆಗೆ ಅಳವಡಿಸಿದರು. ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರವೊಂದರ ರೇಡಿಯೋ ಸಂಕೇತಗಳ ದಾಖಲೆ ಅದು. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನ ವಿದ್ಯಾರ್ಥಿನಿ ಜಾಸೆಲಿನ್ ಬೆಲ್, ಯಂತ್ರ ಬರೆದ ಉದ್ದುದ್ದ ಕಾಗದದ ಸುರುಳಿಗಳಲ್ಲಿ ಕಂಡ ಒಂದು ಸಣ್ಣ ಗೀಚನ್ನು ಉಪೇಕ್ಷಿಸದೆ ಬೆನ್ನುಹತ್ತಿದ್ದರಿಂದ ಈ ನಕ್ಷತ್ರ ಲೋಕಕ್ಕೆ ತಿಳಿಯಿತು. 1974ರ ನೊಬೆಲ್ ಪಾರಿತೋಷಕದಲ್ಲಿ ಅವರ ಗುರುವಿಗೆ ಪಾಲು ದೊರೆಯಿತು, ಅವರಿಗೆ ದೊರೆಯಲಿಲ್ಲ. 2018ರಲ್ಲಿ ಬೇರೊಂದು ಪ್ರಶಸ್ತಿಯಾಗಿ ಬಂದ 30 ಲಕ್ಷ ಡಾಲರುಗಳನ್ನು ಅವರು ಅವಕಾಶವಂಚಿತ ಸಂಶೋಧನ ವಿದ್ಯಾರ್ಥಿಗಳಿಗಾಗಿ ಪೂರ್ತಿಯಾಗಿ ಕೊಟ್ಟುಬಿಟ್ಟರು. ದಾಸೋಹವೆಂಬ ಮಾತನ್ನು ಕೇಳದ ನಾಡಿನಲ್ಲಿಯೂ ಅದರ ಭಾವ ಹುಟ್ಟಬಲ್ಲುದು.

ಇನ್ನು ಈ ಕೃತಿಯ ಮರ್ಮಸ್ಥಾನಕ್ಕೆ ಬರುತ್ತೇನೆ. ಹಾಡುಗಳ ಸಾಹಿತ್ಯ ಇಯಾನ್ ಕರ್ಟಿಸ್ ಅವರದು. ಅವರು ಆಗ ಮ್ಯಾಕಲ್ಸ್‌ಫೀಲ್ಡಿನ ಉದ್ಯೋಗ ವಿನಿಮಯ ಕಚೇರಿಯ ನೌಕರರು. ಅಂಗವಿಕಲರಿಗೂ ರೋಗಪೀಡಿತರಿಗೂ ಕೆಲಸ ಹುಡುಕಿಕೊಡುವುದು ಅವರ ಕಾಯಕ. ಅಪಸ್ಮಾರದಿಂದ ಬಳಲುತ್ತಿದ್ದ ಯುವತಿಯೊಬ್ಬಳು ಕೆಲಸ ಕೇಳಿ ಅಲ್ಲಿಗೆ ಬರುತ್ತಿದ್ದಳು. ಆಕೆ ತೀರಿಕೊಂಡ ವಾರ್ತೆ ಅನಂತರ ತಿಳಿಯಿತು. ‘ಷೀಸ್ ಲಾಸ್ಟ್ ಕಂಟ್ರೋಲ್’ ಎಂಬ ಹಾಡಿಗೆ ಆಕೆಯೇ ಪ್ರೇರಣೆ. ಕಚೇರಿಯ ಕಡತದಲ್ಲಿ ಒಂದು ಅರ್ಜಿಯಾಗಿ ಮುಗಿದುಹೋಗಬಹುದಾಗಿದ್ದ ಜೀವವನ್ನು ಅವರು ಕಿವಿಗೊಟ್ಟು ಕೇಳಿದ್ದರು. ವಿಧಿಯ ವೈಚಿತ್ರ್ಯವೆಂದರೆ, 1979ರ ಆರಂಭದಲ್ಲಿ ಅದೇ ವ್ಯಾಧಿ ಅವರಿಗೂ ಇರುವುದೆಂದು ವೈದ್ಯರು ನಿರ್ಣಯಿಸಿದರು.

ಮುದ್ರಿಕೆಯ ಎರಡು ಪಾರ್ಶ್ವಗಳಿಗೆ ‘ಹೊರಗೆ’, ‘ಒಳಗೆ’ ಎಂಬರ್ಥದ ಹೆಸರುಗಳಿವೆ. ಅಂತರಂಗ ಬಹಿರಂಗಗಳ ವಿಚಾರವನ್ನು ಶರಣರ ನುಡಿಗಳಿಂದ ಬಲ್ಲ ನಮಗೆ ಈ ಹೆಸರುಗಳು ಅಪರಿಚಿತವೆನಿಸವು. ಹೊರಗೆ ಚಪ್ಪಾಳೆಗಳಿದ್ದವು, ಒಳಗೆ ವ್ಯಾಧಿ, ಔಷಧಗಳ ಆಯಾಸ, ಸಂಸಾರದ ಸಂಕಟ ಬೆಳೆಯುತ್ತಿದ್ದವು. 1980ರ ಮೇ 18ರಂದು, ತಂಡವು ಅಮೆರಿಕಕ್ಕೆ ಹೊರಡಬೇಕಾಗಿದ್ದ ಮುನ್ನಾದಿನ, ಕರ್ಟಿಸ್ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆಗ ಅವರ ವಯಸ್ಸು 23. ಅವರ ಸಾಲುಗಳ ಅರ್ಥವನ್ನು ತಾವು ಕಾಲದಲ್ಲಿ ಗಮನಿಸಲಿಲ್ಲವೆಂದು ಸಂಗಡಿಗರು ಅನಂತರ ನೋವಿನಿಂದ ಹೇಳಿಕೊಂಡಿದ್ದಾರೆ. ಅವರನ್ನು ದೂರುವುದು ನ್ಯಾಯವಲ್ಲ. ಅವರೂ ಇಪ್ಪತ್ತರ ಆಸುಪಾಸಿನ ಹುಡುಗರೇ. ನಿತ್ಯ ಜೊತೆಗಿರುವವರ ದನಿ ಕಿವಿಗೆ ರೂಢಿಯಾಗಿ, ಅದರೊಳಗಿನ ಮೊರೆ ಕೇಳಿಸದೆ ಹೋಗುವುದು ಮನುಷ್ಯರಿಗೆಲ್ಲ ಸಹಜ.

ಈ ಮುದ್ರಿಕೆಯನ್ನು ಕೇಳುವಾಗಲೆಲ್ಲ ನನ್ನ ಮನಸ್ಸು ತರಗತಿಗಳ ಕಡೆಗೆ ಹರಿಯುತ್ತದೆ. ಪ್ರಬಂಧದ ಪುಸ್ತಕಗಳಲ್ಲಿ ನಾವು ಅಕ್ಷರದೋಷಗಳನ್ನು ತಿದ್ದುತ್ತೇವೆ. ಬರೆದ ಮಗು ಏನನ್ನು ಹೇಳುತ್ತಿದೆ ಎಂದು ಎಷ್ಟು ಸಲ ಕೇಳಿಕೊಳ್ಳುತ್ತೇವೆ? ಸಂಕಟದಲ್ಲಿರುವ ಹುಡುಗ ಹೆಚ್ಚಾಗಿ ನೇರವಾಗಿ ಬಂದು ಹೇಳಲಾರ. ಪದ್ಯದಲ್ಲಿ, ಚಿತ್ರದಲ್ಲಿ, ಕೆಲವೊಮ್ಮೆ ಬರಿಯ ಮೌನದಲ್ಲಿ ಹೇಳುತ್ತಾನೆ. ಅನ್ನ, ವಸತಿ, ವಿದ್ಯೆಗಳನ್ನು ಕೊಡುವ ಪರಂಪರೆ ನಮ್ಮಲ್ಲಿ ದೊಡ್ಡದು. ಅದರೊಡನೆ ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನ ಮಾತನ್ನು ಅರ್ಥಸಹಿತ ಕೇಳುವ ಹಿರಿಯರೊಬ್ಬರು ದೊರೆಯುವಂತಾಗಲಿ. ಇದಕ್ಕೆ ಕಟ್ಟಡ ಬೇಡ, ನಿಧಿ ಬೇಡ. ದಿನಕ್ಕೆ ಅರೆಗಳಿಗೆಯ ವ್ಯವಧಾನವಿದ್ದರೆ ಸಾಕು.