ಅಪ್ಪಯ್ಯನ 'ಆಯ್ತು'

"ಈ ಸಲ ಕೊನೆ ಕೊಯ್ಲಿಗೆ ಬರಲಿಕ್ಕೆ ಆಗಲ್ಲ ಅಪ್ಪಯ್ಯ, ರಜೆ ಸಿಗ್ತಿಲ್ಲ." ರಾತ್ರಿ ಪಾಳಿ ಮುಗಿಸಿ ವಾಟ್ಸಾಪ್‌ನಲ್ಲಿ ಹೀಗೆ ಬರೆದು ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೇ ಪದ: "ಆಯ್ತು".

ನಿಜ ಹೇಳಬೇಕೆಂದರೆ ನಾನು ರಜೆ ಕೇಳಿಯೇ ಇರಲಿಲ್ಲ. ಫೋನ್ ಮಾಡಿದ್ದರೆ ದನಿಯಲ್ಲೇ ಸಿಕ್ಕಿಬೀಳುತ್ತಿದ್ದೆ.

ಅಪ್ಪಯ್ಯನ ಬಾಯಲ್ಲಿ 'ಆಯ್ತು' ನಾಲ್ಕೈದು ಥರ ಬರುತ್ತದೆ. ಕವಳ ತುಂಬಿದ ಬಾಯಲ್ಲಿ ಎಳೆದು ಹೇಳಿದರೆ ಒಪ್ಪಿಗೆ. ಚುಟುಕಾಗಿ ಹೇಳಿ ತೋಟದ ಕಡೆ ನಡೆದರೆ ಸಿಟ್ಟು. ಸ್ಕ್ರೀನ್ ಮೇಲಿನದಕ್ಕೆ ಎಳೆತವೂ ಇಲ್ಲ, ಕವಳವೂ ಇಲ್ಲ. ನಾನು ಸಿಟ್ಟು ಎಂದೇ ಓದಿದೆ.

ಜರ್ನಲಿಸಂ ಓದುವಾಗ ಇದನ್ನೇ ಹತ್ತು ಅಂಕಕ್ಕೆ ಬರೆದಿದ್ದೆ. ಕಂಪ್ಯೂಟರ್ ಮೂಲಕ ಮಾತಾಡುವಾಗ ಮುಖಭಾವ, ದನಿ ಎಲ್ಲ ಸೋಸಿಹೋಗುತ್ತವೆ ಎನ್ನುವುದು ಮೊದಲಿನ ವಿದ್ವಾಂಸರ ತಕರಾರು. 1982ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಕೋಲನ್, ಹೈಫನ್, ಆವರಣ ಸೇರಿಸಿ ನಗುಮುಖ ಮಾಡೋಣ ಎಂದದ್ದೂ ಬರಹದಲ್ಲಿ ತಮಾಷೆ ಯಾವುದು, ನಿಜ ಯಾವುದು ಗೊತ್ತಾಗುತ್ತಿರಲಿಲ್ಲ ಎಂದೇ. ಜೋಸೆಫ್ ವಾಲ್ಥರ್ 1992ರಲ್ಲಿ ಬೇರೆ ಮಾತು ಹೇಳಿದರು: ಸಮಯ ಕೊಟ್ಟರೆ ಜನ ಅಕ್ಷರದಲ್ಲೂ ಹತ್ತಿರವಾಗುತ್ತಾರೆ. 1996ರಲ್ಲಿ ಇನ್ನೂ ಮುಂದೆ ಹೋಗಿ, ಖಾಲಿ ಜಾಗವನ್ನು ಓದುವವನೇ ತುಂಬಿಕೊಳ್ಳುತ್ತಾನೆ, ಹಾಗಾಗಿ ಆಚೆಯವರು ಇರುವುದಕ್ಕಿಂತ ಒಳ್ಳೆಯವರಾಗಿಯೂ ಕಾಣಬಹುದು ಎಂದರು. ನನಗಾದದ್ದು ಉಲ್ಟಾ. ಸುಳ್ಳು ಹೇಳಿದ ಅಳುಕನ್ನೇ ಅಪ್ಪಯ್ಯನ ಸಿಟ್ಟು ಅಂತ ತುಂಬಿಕೊಂಡೆ. ಹದಿನೆಂಟು ದಿನ ಫೋನ್ ಮಾಡಲಿಲ್ಲ.

ಕೊನೆಗೆ ಅಮ್ಮನೇ ಮಾಡಿದಳು. "ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದದೆ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ಬೇಕು. ನಿಂಗೆ ರಜೆ ಇಲ್ವಲ್ಲ, ಹೇಳ್ಬೇಡ ಅಂದಿದ್ರು."

ಆವತ್ತೇ ರಜೆ ಕೇಳಿದೆ, ಕೊಟ್ಟರು. ಒಂದು ಕಣ್ಣಿನ ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ, ಜಗಲಿಯಲ್ಲಿ ಕೂತು ಕೇಳಿದೆ, ಸಿಟ್ಟು ಬಂದಿತ್ತಾ ಅಂತ.

"ಎಂತ ಸಿಟ್ಟು ಮಾರಾಯ? ನೀನು ಬರೆದದ್ದನ್ನ ಪಕ್ಕದ ಮನೆ ಹುಡುಗ ಓದಿ ಹೇಳಿದ್ದು. 'ಆ' ಒತ್ತಿದ್ರೆ ಮೇಲೆ 'ಆಯ್ತು' ಅಂತ ತಾನೇ ಬರ್ತದೆ. ಉಳಿದದ್ದು ಕಣ್ಣು ಕಂಡ್ರಲ್ವಾ ಬರೆಯೋದು?"

ರಜೆಯ ವಿಷಯ ನಾನು ಎತ್ತಲಿಲ್ಲ, ಅವರೂ ಕೇಳಲಿಲ್ಲ.

ವಾಯ್ಸ್ ಮೆಸೇಜ್ ಕಳಿಸುವುದು ಕಲಿಸಿ ಬಂದಿದ್ದೇನೆ. ಒತ್ತಿ ಹಿಡಿಯಬೇಕು ಅನ್ನುವುದು ಮರೆತು ಅರ್ಧಕ್ಕೇ ಬಿಡುತ್ತಾರೆ. ನಿನ್ನೆ ಬಂದದ್ದು ನಾಲ್ಕು ಸೆಕೆಂಡ್: ಕೊಟ್ಟಿಗೆಯ ಗಂಟೆ ಸದ್ದು, "ಹಾಂ, ಇಲ್ಲಿ ಮೋಡ ಆಗಿ", ಅಷ್ಟೇ. ಅಡಿಕೆ ಅಂಗಳದಲ್ಲಿತ್ತೋ ಏನೋ. ಕೂಡಲೇ ಫೋನ್ ಮಾಡಿದೆ.