ತಗ್ಗು ಮೋಟಾರಿನಲ್ಲಿ ಉಡುಪಿಯ ಯಾತ್ರೆ

ಶಿವಮೊಗ್ಗೆಯಿಂದ ಉಡುಪಿಗೆ ಹೋಗಲು ತೀರ್ಥಹಳ್ಳಿ, ಆಗುಂಬೆಗಳ ಮೇಲಣ ಹಾದಿಯೇ ರೂಢಿಯಾದುದು. ಈ ಹಾದಿಯಲ್ಲಿ ನಾವು ಬಸ್ಸಿನಲ್ಲಿ ಎಷ್ಟೋ ಸಲ ಹೋಗಿಬಂದಿದ್ದೇವೆ. ಆದರೆ ಕಳೆದ ಜ್ಯೇಷ್ಠಮಾಸದಲ್ಲಿ ಮಾಡಿದಂತಹ ಪ್ರಯಾಣವು ಹಿಂದೆಂದೂ ಆಗಿರಲಿಲ್ಲ. ಮುಂದೆ ಆಗುವುದೂ ಬೇಡ. ಮಲೆನಾಡಿನ ಕಾಡು, ಹೊಳೆ, ಮಂಜುಗಳ ವರ್ಣನೆಯನ್ನು ನಮಗಿಂತ ಬಲ್ಲವರು ಮಾಡಿರುವರು. ನಾವು ಹೇಳಹೊರಟಿರುವುದು ಮುಖ್ಯವಾಗಿ ನಾಲ್ಕು ಗಾಲಿಗಳ ವಿಷಯ. ಮನೆಯಲ್ಲಿ ಮೋಟಾರನ್ನು ಇಟ್ಟುಕೊಂಡಿರುವ ವಾಚಕರಿಗೆ ಇದರಿಂದ ಕಿಂಚಿತ್ ಪ್ರಯೋಜನವಾದೀತೆಂದು ನಂಬಿದ್ದೇವೆ.

ನಮ್ಮ ಅಕ್ಕನವರಿಗೆ ಎಪ್ಪತ್ತೆರಡು ವರ್ಷ. ಉಡುಪಿಯ ಶ್ರೀಕೃಷ್ಣನಿಗೆ ಅವರದೊಂದು ಹರಕೆ ಬಹುಕಾಲದಿಂದ ಉಳಿದಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗನು ಇದನ್ನು ಕೇಳಿ, "ಬಸ್ಸೇಕೆ ಅತ್ತೆ? ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇನೆ" ಎಂದು ಉತ್ಸಾಹದಿಂದ ಬಂದನು. ಗಾಡಿಯನ್ನು ಕಂಡೊಡನೆ ನಮ್ಮ ಮನೆಯವರು, "ಇದೇಕೆ ಹೀಗೆ ಸಾಷ್ಟಾಂಗ ಹಾಕಿದೆ?" ಎಂದು ಕೇಳಿದರು. ಗಾಡಿಯ ಮೈ ನೆಲಕ್ಕೆ ಅಷ್ಟು ಹತ್ತಿರವಾಗಿತ್ತು. ಚಿರಂಜೀವಿಯು ನಕ್ಕು, ಮೊದಲಿದ್ದ ಸ್ಪ್ರಿಂಗುಗಳನ್ನು ತೆಗೆಸಿ ಗಿಡ್ಡನೆಯವನ್ನು ಹಾಕಿಸಿ, ಎರಡು ಅಂಗುಲ ತಗ್ಗಿಸಿರುವುದಾಗಿ ತಿಳಿಸಿದನು. ನೋಡಲು ಅಂದ, ತಿರುವುಗಳಲ್ಲಿ ಮೈ ಓಲಾಡುವುದಿಲ್ಲ ಎಂಬುದು ಅವನ ವಾದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸತ್ಯದ ಉಳಿದ ಅರ್ಧವು ನಮಗೆ ದಾರಿಯಲ್ಲಿ ತಿಳಿಯಿತು.

ಮುಂಜಾನೆ ಆರಕ್ಕೆ ಹೊರಟೆವು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಯ ಬಿಡಾರಗಳನ್ನು ದಾಟುವುದರೊಳಗೆ ರಸ್ತೆಯುಬ್ಬುಗಳಲ್ಲಿ ಗಾಡಿಯ ಹೊಟ್ಟೆ ಮೂರು ಬಾರಿ ಉಜ್ಜಿತು. ನಾಲ್ಕನೆಯ ಉಬ್ಬಿನಲ್ಲಿ ಅಕ್ಕನವರನ್ನು ಬಿಟ್ಟು ಉಳಿದವರೆಲ್ಲರೂ ಇಳಿದು ನಡೆದೆವು. ಗಾಡಿಯು ನೇರವಾಗಿ ಹೋಗಬೇಕಾದರೆ ಚಿರಂಜೀವಿಯು ಸ್ಟೇರಿಂಗನ್ನು ಬಲಕ್ಕೆ ಸ್ವಲ್ಪ ಓರೆಯಾಗಿ ಹಿಡಿದಿರಬೇಕಾಗಿತ್ತು. ಕೆಳಗಿನಿಂದ ಜೇನುಹುಳುಗಳ ಮೊರೆತದಂತಹ ಒಂದು ಸದ್ದು ಎಡೆಬಿಡದೆ ಬರುತ್ತಿತ್ತು. ಅದೇನೆಂದು ಕೇಳಿದ್ದಕ್ಕೆ, "ರಸ್ತೆಯ ಸದ್ದು ದೊಡ್ಡಪ್ಪ" ಎಂದು ಅವನು ಹಾಡಿನ ಪೆಟ್ಟಿಗೆಯ ಧ್ವನಿಯನ್ನು ಏರಿಸಿದನು.

ಮಂಡಗದ್ದೆಯಲ್ಲಿ ತುಂಗೆಯ ನಡುವಣ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಸಾವಿರಗಟ್ಟಲೆಯಾಗಿ ಗೂಡುಕಟ್ಟುವುವು. ಅವನ್ನು ನೋಡಲೆಂದು ಗಾಡಿಯನ್ನು ನಿಲ್ಲಿಸಿದೆವು. ನಿಲ್ಲಿಸುವಾಗ ಮುಂದಿನ ಗಾಲಿಗಳು ಪೂರ್ತಿಯಾಗಿ ಹೊರಳಿಕೊಂಡಿದ್ದುವು. ನಮ್ಮ ಕೊಡೆಯು ಕೈತಪ್ಪಿ ಗಾಲಿಯ ಬಳಿ ಬಿತ್ತು. ತೆಗೆದುಕೊಳ್ಳಲು ಬಾಗಿದಾಗ ಎಡಗಾಲಿಯ ಒಳಬದಿಯು ಕಣ್ಣಿಗೆ ಬಿತ್ತು. ಹೊರಗಿನಿಂದ ನೋಡಿದರೆ ಆ ಟೈರು ಹೊಸದರಂತಿತ್ತು, ಗೀರುಗಳೆಲ್ಲ ಆಳವಾಗಿದ್ದುವು. ಒಳಗಿನ ಮೂರು ಬೆರಳಗಲ ಮಾತ್ರ ಬೋಳಾಗಿ, ಅಂಚಿನಲ್ಲಿ ರಬ್ಬರು ಮುಗಿದು, ಒಳಗಿನ ನೂಲು ತುಂಡುತುಂಡಾಗಿ ಹೊರಗೆ ಕಾಣಿಸುತ್ತಿತ್ತು. ಬಲಗಾಲಿಯಲ್ಲಿ ನೂಲು ಬಂದಿರಲಿಲ್ಲ. ಬೋಳು ಮಾತ್ರ ಹಾಗೆಯೇ ಇತ್ತು. ಇನ್ನು ಅರುವತ್ತು ಕಿಲೋಮೀಟರು ಹೋದರೆ ಆಗುಂಬೆಯ ಘಾಟಿ. ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸ್ಥಳ. ಹದಿನಾಲ್ಕು ಕಡಿದಾದ ತಿರುವುಗಳು. ಅಕ್ಕನವರು ಒಳಗೆ ಕುಳಿತು ವಿಷ್ಣುಸಹಸ್ರನಾಮವನ್ನು ಹೇಳಿಕೊಳ್ಳುತ್ತಿದ್ದರು. ಚಿರಂಜೀವಿಯ ಮುಖವು ಬಿಳುಪೇರಿತು. ಅವನನ್ನು ಬಯ್ಯಬೇಕೆಂದಿದ್ದ ನಮಗೆ ಆ ಮುಖವನ್ನು ನೋಡಿ ಬಾಯಿ ಬರಲಿಲ್ಲ.

ಎಡಗಾಲಿಗೆ ಸ್ಟೆಪ್ನಿಯನ್ನು ಹಾಕಿ, ಎತ್ತಿನ ಗಾಡಿಯ ಗತಿಯಲ್ಲಿ ತೀರ್ಥಹಳ್ಳಿಯನ್ನು ಸೇರಿದೆವು. ಅಲ್ಲಿ ವಿಚಾರಿಸಲಾಗಿ, ಟೈರು ಮಾರಿ ಅಲೈನ್‌ಮೆಂಟನ್ನೂ ಮಾಡಿಕೊಡುವ ಒಂದು ಅಂಗಡಿಯನ್ನು ಜನರು ತೋರಿಸಿದರು. ಅಂಗಡಿಯಾತನು ನಲವತ್ತು ವರ್ಷದ ಮಿತಭಾಷಿ. ಚಿರಂಜೀವಿಯು, "ಎರಡು ಹೊಸ ಟೈರು ಹಾಕಿಬಿಡಿ, ಸಂಜೆಯೊಳಗೆ ಉಡುಪಿ ಸೇರಬೇಕು" ಎಂದನು. ಆತನು ಹಳೆಯ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಆಡಿಸಿ ನೋಡಿ, "ಹಾಕಿಕೊಡಲು ನನಗೇನು ನಷ್ಟ? ಆದರೆ ಗಾಡಿ ಟೈರು ತಿನ್ನುತ್ತಿದೆ. ಹೊಸದನ್ನೂ ತಿನ್ನುತ್ತದೆ. ನೀವೂ ಸವರಿ ನೋಡಿ ಯಜಮಾನರೆ" ಎಂದನು. ನಾವು ಸವರಿದೆವು. ಒಂದು ಕಡೆಗೆ ನುಣುಪು. ಎದುರು ಕಡೆಗೆ ಗರಗಸದ ಹಲ್ಲಿನಂತೆ ಕೈಗೆ ತಗಲುತ್ತಿತ್ತು. ಗಾಲಿಯು ನೆಟ್ಟಗೆ ಉರುಳದೆ ಅಡ್ಡಲಾಗಿ ಉಜ್ಜಿಕೊಂಡು ಹೋಗುತ್ತಿದ್ದುದಕ್ಕೆ ಅದೇ ಗುರುತಂತೆ. ದಾರಿಯುದ್ದಕ್ಕೂ ಕೇಳಿದ ಮೊರೆತವೂ ಅದರದೇ.

ಗಾಡಿಯನ್ನು ಯಂತ್ರದ ಮೇಲೆ ಏರಿಸುವುದರೊಳಗೆ ಮಳೆಯೊಡನೆ ವಿದ್ಯುತ್ತು ಹೋಯಿತು. ಮಲೆನಾಡಿನಲ್ಲಿ ಇದು ಆಶ್ಚರ್ಯವಲ್ಲ. ಆತನು ಸುಮ್ಮನೆ ಕೂರದೆ, ಗಾರೆಯವರ ತೂಗುಗುಂಡನ್ನೂ ಒಂದು ಉಂಡೆ ದಾರವನ್ನೂ ತಂದನು. ಗುಂಡನ್ನು ಎಡಗಾಲಿಯ ಮುಂದೆ ಇಳಿಬಿಟ್ಟಾಗ, ಗಾಲಿಯ ಕಬ್ಬಿಣದ ಬಳೆಯ ಮೇಲಂಚು ಕೆಳಅಂಚಿಗಿಂತ ಹದಿನೈದು ಮಿಲಿಮೀಟರಿಗೂ ಮೇಲೆ ಒಳಕ್ಕೆ ವಾಲಿರುವುದು ಕಂಡಿತು. ಈ ವಾಲಿಕೆಯನ್ನು ಅವರು ಕ್ಯಾಂಬರ್ ಎನ್ನುವರು. ತರುವಾಯ ದಾರವನ್ನು ಗಾಡಿಯ ಉದ್ದಕ್ಕೂ ಗಾಲಿಗಳ ನಡುಮಟ್ಟದಲ್ಲಿ ಬಿಗಿದು ಅಳೆದಾಗ, ಎರಡು ಮುಂಗಾಲಿಗಳೂ ಮುಂದುಗಡೆ ತಲಾ ಎರಡು ಮಿಲಿಮೀಟರಿನಷ್ಟು ಹೊರಕ್ಕೆ ತೆರೆದುಕೊಂಡಿದ್ದುವು. ಇದರ ಹೆಸರು ಟೋ. ನಮ್ಮ ಬಾಲ್ಯದಲ್ಲಿ ಊರಿನ ಆಚಾರಿಯು ಬಂಡಿಯ ಗಾಲಿಯನ್ನು ಅಚ್ಚಿಗೇರಿಸಿದ ಮೇಲೆ ಹೀಗೆಯೇ ದಾರ ಹಿಡಿದು ನೋಡುತ್ತಿದ್ದುದು ನೆನಪಿಗೆ ಬಂದಿತು.

"ಎರಡು ಮಿಲಿಮೀಟರು ತಾನೆ!" ಎಂದನು ಚಿರಂಜೀವಿ. ನಾವು ಮೂವತ್ತು ವರ್ಷ ಪಾಠ ಹೇಳಿದವರಾದ್ದರಿಂದ ಲೆಕ್ಕ ಮಾಡಿದೆವು. ಬಳೆಯ ವ್ಯಾಸವು ಸುಮಾರು ೪೦೦ ಮಿಲಿಮೀಟರು. ಅದರಲ್ಲಿ ಎರಡೆಂದರೆ ಇನ್ನೂರರಲ್ಲಿ ಒಂದು ಪಾಲು. ಹಾಗಾದರೆ ಪ್ರತಿ ಕಿಲೋಮೀಟರಿಗೂ ಗಾಲಿಯು ಐದು ಮೀಟರು ಅಡ್ಡಕ್ಕೆ ಎಳೆಯಲ್ಪಡುವುದು. ಬೆಂಗಳೂರಿನಿಂದ ಶಿವಮೊಗ್ಗೆಗೆ ಸುಮಾರು ೩೦೦ ಕಿಲೋಮೀಟರು; ಅಷ್ಟು ದೂರದಲ್ಲಿ ಒಂದೂವರೆ ಕಿಲೋಮೀಟರಿನ ಹಾದಿಯನ್ನು ಆ ಟೈರು ಉರುಳದೆ ಉಜ್ಜಿಕೊಂಡೇ ಕ್ರಮಿಸಿದಂತಾಯಿತು! ಗಾಲಿಯು ಒಳಕ್ಕೆ ವಾಲಿದ್ದುದರಿಂದ ಆ ಉಜ್ಜುವಿಕೆಯೆಲ್ಲ ಒಳ ಅಂಚಿನ ಮೇಲೆಯೇ ಬಿದ್ದಿತ್ತು. ವಾಲಿಕೆಯೊಂದೇ ಇದ್ದರೆ ಟೈರು ನಿಧಾನವಾಗಿ ಸವೆಯುವುದಂತೆ. ತೆರವೂ ಕೂಡಿದರೆ ಬೇಗ ಮುಗಿಯುವುದು.

ತಗ್ಗಿಸಿದ್ದಕ್ಕೂ ಇದಕ್ಕೂ ಏನು ಸಂಬಂಧವೆಂದು ನಾವು ಕೇಳಿದೆವು. ಗಾಲಿಯನ್ನು ಹಿಡಿದಿರುವ ಕೆಳಗಿನ ತೋಳು ಒಂದು ಕೇಂದ್ರದಿಂದಲೂ, ಅದನ್ನು ಹೊರಳಿಸುವ ಟೈ ರಾಡೆಂಬ ಸಲಾಕೆ ಮತ್ತೊಂದು ಕೇಂದ್ರದಿಂದಲೂ ತೂಗುವುವು. ಇವೆರಡರ ಹೊಂದಿಕೆಯನ್ನು ತಯಾರಿಸಿದವರು ಒಂದು ಎತ್ತರಕ್ಕೆ ಸರಿಯಾಗಿ ಕೂಡಿಸಿರುವರು. ಮೈ ಕೆಳಕ್ಕಿಳಿದರೆ ಎರಡೂ ಬೇರೆಬೇರೆ ಕಮಾನುಗಳಲ್ಲಿ ಸರಿದು ಗಾಲಿಯ ಮುಖವನ್ನೇ ತಿರುಗಿಸುವುವು. ಆದುದರಿಂದ ಎತ್ತರವನ್ನು ಬದಲಿಸಿದವರು ಗಾಲಿಗಳನ್ನು ಮತ್ತೆ ಅಳೆದು ಸರಿಪಡಿಸಲೇಬೇಕು. ಗಾಡಿಯನ್ನು ತಗ್ಗಿಸಿದ ಬೆಂಗಳೂರಿನ ಅಂಗಡಿಯವರು ಹಣವನ್ನೆಣಿಸಿಕೊಂಡರೇ ಹೊರತು ಈ ಮಾತನ್ನು ಹೇಳಿರಲಿಲ್ಲ.

ವಿದ್ಯುತ್ತು ಬಂದ ಮೇಲೆ ಯಂತ್ರವು ದಾರದ ಮಾತನ್ನೇ ಅನುಮೋದಿಸಿತು: ಎಡದ ವಾಲಿಕೆ ೨ ಡಿಗ್ರಿ ೨೦ ಮಿನಿಟು, ಬಲದ್ದು ೧ ಡಿಗ್ರಿ ೫೦ ಮಿನಿಟು, ಒಟ್ಟು ತೆರವು ೪ ಮಿಲಿಮೀಟರು. ಗಾಡಿಯ ಲೆಕ್ಕದಂತೆ ವಾಲಿಕೆಯು ಅರ್ಧ ಡಿಗ್ರಿಯಿರಬೇಕು. ಅದರಿಂದೀಚೆಗೆ ಮುಕ್ಕಾಲು ಡಿಗ್ರಿಯವರೆಗೆ ಸಲ್ಲುವುದು. ಅದನ್ನು ಹಿಂದಕ್ಕೆ ತರಲು ನಡುವೆ ಒಂದು ಮಗ್ಗುಲಿಗೆ ಉಬ್ಬಿದ ವಿಶೇಷ ಬೋಲ್ಟುಗಳು ಬೇಕಾಗಿದ್ದುವು. ಅವು ಶಿವಮೊಗ್ಗೆಯಿಂದ ಬೆಳಗಿನ ಬಸ್ಸಿಗೆ ಬರಬೇಕು. ಆ ರಾತ್ರಿ ತೀರ್ಥಹಳ್ಳಿಯಲ್ಲಿಯೇ ತಂಗಿದೆವು. ಅಕ್ಕನವರು ತುಂಗೆಯ ದಡದಲ್ಲಿ ರಾಮತೀರ್ಥಕ್ಕೆ ಕೈಮುಗಿದು, "ಇದೂ ಅವನೇ ಮಾಡಿಸಿದ್ದು" ಎಂದರು.

ಮರುದಿನ ಕೆಲಸ ನಡೆದ ಕ್ರಮವನ್ನು ವಾಚಕರು ಗಮನಿಸಬೇಕು. ಆತನು ಮೊದಲು ಗಾಲಿಗಳನ್ನು ಎತ್ತಿ ಅಲುಗಿಸಿ ಕೀಲುಗಳನ್ನು ಪರೀಕ್ಷಿಸಿದನು. ಎಡಗಡೆಯ ಟೈ ರಾಡಿನ ತುದಿ ಸಡಿಲವಾಗಿತ್ತು, ಅದನ್ನು ಬದಲಿಸಿದನು. ಸಡಿಲವಾದ ಕೀಲಿನ ಮೇಲೆ ಮಾಡಿದ ಅಳತೆಯು ನಿಲ್ಲಲಾರದು. ಅನಂತರ ಟೈರುಗಳು. ಹಿಂದಿನ ಜೋಡಿಯು ಸಮವಾಗಿ ಸವೆದು ಗಟ್ಟಿಯಾಗಿದ್ದುದರಿಂದ ಅದನ್ನು ಮುಂದಕ್ಕೂ, ಹೊಸ ಜೋಡಿಯನ್ನು ಹಿಂದಕ್ಕೂ ಹಾಕಿದನು. ನೆನೆದ ರಸ್ತೆಯಲ್ಲಿ ಹಿಂಬದಿ ಜಾರಿದರೆ ಗಾಡಿಯನ್ನು ಹಿಡಿತಕ್ಕೆ ತರುವುದು ಕಷ್ಟವೆಂಬುದು ಅದಕ್ಕೆ ಕಾರಣ. ಗಾಳಿಯನ್ನು ಸರಿಯಾಗಿ ತುಂಬಿ, ಬೋಲ್ಟುಗಳನ್ನು ತಿರುಗಿಸಿ ವಾಲಿಕೆಯನ್ನು ತಗ್ಗಿಸಿದನು. ಕಟ್ಟಕಡೆಗೆ ಸ್ಟೇರಿಂಗನ್ನು ನೇರವಾಗಿ ಕಟ್ಟಿ ಟೋವನ್ನು ಸರಿಮಾಡಿದನು. ವಾಲಿಕೆಯನ್ನು ಬದಲಿಸಿದರೆ ಟೋ ಕೂಡ ಬದಲಾಗುವುದರಿಂದ ಈ ಕ್ರಮವನ್ನು ಹಿಂದುಮುಂದು ಮಾಡಕೂಡದು. ಎಡಗಡೆ ೧ ಡಿಗ್ರಿ ೧೫ ಮಿನಿಟು, ಬಲಗಡೆ ೧ ಡಿಗ್ರಿ ೫ ಮಿನಿಟು, ತೆರವು ಸೊನ್ನೆ. ಪರದೆಯ ಮೇಲಿನ ಕೆಂಪು ಅಂಕಿಗಳು ಹಸುರಾದುವು.

ಹಣವನ್ನು ಪಡೆಯುವಾಗ ಆತನು ಚಿರಂಜೀವಿಗೆ, "ಬೋಲ್ಟಿನಿಂದ ಆಗುವಷ್ಟನ್ನು ಮಾಡಿದ್ದೇನೆ. ಇನ್ನು ಮೇಲಕ್ಕೆ ಜಾಗವಿಲ್ಲ. ನಾಲ್ಕು ಜನ ಕೂತರೆ ಗಾಡಿ ಇನ್ನೂ ಕುಗ್ಗುತ್ತದೆ. ಘಾಟಿಯಲ್ಲಿ ಎರಡನೇ ಗೇರು ಬಿಡಬೇಡಿ" ಎಂದಷ್ಟೇ ಹೇಳಿದನು.

ಆಗುಂಬೆಯ ಮೇಲೆ ಮಂಜು ಇಳಿದಿತ್ತು. ಸ್ಟೇರಿಂಗು ಈಗ ನೆಟ್ಟಗಿತ್ತು, ಮೊರೆತವೂ ಅಡಗಿತ್ತು. ಏಳೋ ಎಂಟೋ ತಿರುವುಗಳನ್ನು ಇಳಿದಿರಬಹುದು. ಮಂಜಿನೊಳಗಿನಿಂದ ಒಂದು ಬಸ್ಸು ನಮ್ಮೆದುರಿಗೆ ಮೇಲಕ್ಕೆ ಬಂದುಬಿಟ್ಟಿತು. ಚಿರಂಜೀವಿಯು ಬ್ರೇಕನ್ನು ಒತ್ತಿದನು. ಗಾಡಿಯು ಅತ್ತಿತ್ತ ಹೊರಳದೆ, ಕಂದಕದ ಕಡೆಗಿನ ಕಟ್ಟೆಗೆ ಎರಡು ಮಾರು ಇರುವಂತೆಯೇ ನೇರವಾಗಿ ನಿಂತಿತು. ಬಸ್ಸು ದಾಟಿಹೋಯಿತು. ಯಾರೂ ಮಾತಾಡಲಿಲ್ಲ. ನಿನ್ನೆಯ ಆ ನೂಲು ಬಂದ ಟೈರು ನಮ್ಮೆಲ್ಲರ ಕಣ್ಣ ಮುಂದೆಯೂ ಇದ್ದಿರಬೇಕು. ಸೋಮೇಶ್ವರದಲ್ಲಿ ಬಯಲಿಗೆ ಬಂದೊಡನೆ ಅವನು ಇಳಿದು, ಯಾರೂ ಹೇಳದೆ, ಬಾಗಿ ನಾಲ್ಕು ಗಾಲಿಗಳ ಒಳಬದಿಯನ್ನೂ ಕೈಯಿಂದ ಸವರಿ ನೋಡಿದನು.

ಹೆಬ್ರಿ, ಪೆರ್ಡೂರು, ಮಣಿಪಾಲಗಳ ಮೇಲೆ ಉಡುಪಿಯನ್ನು ಸೇರಿ, ಅಕ್ಕನವರ ಹರಕೆಯನ್ನು ಸಲ್ಲಿಸಿದೆವು. ಸಂಜೆ ರಥಬೀದಿಯಲ್ಲಿ ತೇರುಗಳ ಬಳಿ ನಿಂತಾಗ ಚಿರಂಜೀವಿಯು, "ಇದಕ್ಕೆ ಸ್ಟೇರಿಂಗಿಲ್ಲವಲ್ಲ, ಹೇಗೆ ತಿರುಗಿಸುತ್ತಾರೆ ದೊಡ್ಡಪ್ಪ?" ಎಂದು ಕೇಳಿದನು. ತೇರು ಎಳೆಯುವಾಗ ಗಾಲಿಯ ಪಕ್ಕದಲ್ಲಿ ಮರದ ತುಂಡನ್ನು ಹಿಡಿದು ನಡೆಯುವವರ ಕಥೆಯನ್ನು ಹೇಳಿದೆವು. ಜನರೆಲ್ಲರೂ ಕಳಶವನ್ನು ನೋಡುತ್ತಿರುವಾಗ ಅವರ ಕಣ್ಣು ಗಾಲಿಯ ಬುಡವನ್ನು ಬಿಟ್ಟು ಕದಲುವುದಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದನು.

ಒಂದು ತಿಂಗಳಿನ ಮೇಲೆ ಅವನಿಂದ ಸಮಾಚಾರ ಬಂದಿತು. ಅಟ್ಟದ ಮೇಲೆ ಉಳಿದಿದ್ದ ಮೊದಲಿನ ಸ್ಪ್ರಿಂಗುಗಳನ್ನೇ ಮತ್ತೆ ಹಾಕಿಸಿ, ಅಲೈನ್‌ಮೆಂಟನ್ನು ಪುನಃ ಮಾಡಿಸಿದನಂತೆ. ನೋಂದಣಿಯಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ನಿಷೇಧಿಸುವುದೆಂಬುದನ್ನೂ ತಿಳಿದುಕೊಂಡಿದ್ದನು. "ಇನ್ನು ಉಬ್ಬು ಬಂದರೆ ಇಳಿದು ನಡೆಯಬೇಕಾಗಿಲ್ಲವಲ್ಲ" ಎಂದು ನಮ್ಮ ಮನೆಯವರಿಗೆ ಸಮಾಧಾನವಾಯಿತು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಟೈರಿನ ಗೀರುಗಳ ತಳದಲ್ಲಿ ಸಣ್ಣ ಅಡ್ಡ ಉಬ್ಬುಗಳಿರುವುವು. ರಬ್ಬರು ಅವುಗಳ ಮಟ್ಟಕ್ಕೆ ಸವೆದರೆ ಆಳವು ೧.೬ ಮಿಲಿಮೀಟರಿಗೆ ಇಳಿದಿದೆಯೆಂದರ್ಥ; ನಿಯಮದಂತೆ ಆ ಟೈರು ಅದಕ್ಕಿಂತ ಮುಂದೆ ಸಲ್ಲದು. ಇದನ್ನು ಹೊರ ಅಂಚಿನಲ್ಲಿ ಮಾತ್ರ ನೋಡಿ ತೃಪ್ತರಾಗಬೇಡಿ. ದೂರದ ಪ್ರಯಾಣಕ್ಕೆ ಮುಂಚೆ ಸ್ಟೇರಿಂಗನ್ನು ಪೂರ್ತಿ ಹೊರಳಿಸಿ ನಿಲ್ಲಿಸಿ, ಒಮ್ಮೆ ಬಾಗಿ ಒಳಬದಿಯನ್ನು ನೋಡಿರಿ. ನಮಗೆ ಅದನ್ನು ತೋರಿಸಲು ಕೊಡೆಯೇ ಬೀಳಬೇಕಾಯಿತು.